ಕಾಯಿಲೆ ಇಲ್ಲದವರ ಮಾತ್ರೆ: ಪ್ರೆಪ್ ಶುರುಮಾಡಿದ ಮೇಲೆ

ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪು ಬೇಯುತ್ತದೆ. ಆ ಕಡುನೇರಳೆ ರಸದಲ್ಲಿ ಪಾಯಸ ಮಾಡಿ, ಮೇಲೆ ಜೇನು ಸುರಿದುಕೊಂಡು ತಿನ್ನುತ್ತೇವೆ. ಮಾರನೆಯ ದಿನ ಮೂತ್ರ ಕೆಂಪಗೆ ಹೋದರೂ ಯಾರೂ ಗಾಬರಿಯಾಗುವುದಿಲ್ಲ. ಜ್ವರವಿಲ್ಲ, ಕೆಮ್ಮಿಲ್ಲ, ಆದರೂ ಮನೆಮಂದಿಯೆಲ್ಲ ಮದ್ದು ತಿನ್ನುತ್ತಾರೆ.

ಎಚ್‌ಐವಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದ ವರ್ಷಗಳಲ್ಲಿ ಪ್ರೆಪ್ ಬಗ್ಗೆ ಹೇಳಬೇಕಾದಾಗೆಲ್ಲ ನಾನು ಇಲ್ಲಿಂದಲೇ ಶುರುಮಾಡುತ್ತಿದ್ದೆ. ಪ್ರೆಪ್ ಎಂದರೆ ಎಚ್‌ಐವಿ ಇಲ್ಲದವರು ಅದು ಬಾರದಿರಲಿ ಎಂದು ಮುಂಚಿತವಾಗಿ ತೆಗೆದುಕೊಳ್ಳುವ ಔಷಧ. ಆರೋಗ್ಯವಂತರು ಮದ್ದು ತಿನ್ನುವುದೇ ವಿಚಿತ್ರ ಎನ್ನುವವರಿಗೆ ಕಕ್ಕಡದ ಪಾಯಸ ನೆನಪಿಸಿದರೆ ಮಾತು ಸಲೀಸಾಗುತ್ತಿತ್ತು. ಆದರೆ ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಮದ್ದು ಸೊಪ್ಪು ವರ್ಷಕ್ಕೊಂದು ದಿನ, ಪ್ರೆಪ್ ದಿನವೂ. ಮದ್ದು ಸೊಪ್ಪನ್ನು ಎಲ್ಲರೂ ಒಟ್ಟಿಗೆ ಕೂತು ತಿನ್ನುತ್ತಾರೆ, ಪ್ರೆಪ್ ನುಂಗುವವರು ಒಬ್ಬರೇ. ಅದನ್ನು ಪಕ್ಕದ ಮನೆಗೂ ಕೊಟ್ಟು ಕಳಿಸುತ್ತೇವೆ, ಇದನ್ನು ಕಪಾಟಿನ ಬಟ್ಟೆಯಡಿ ಬಚ್ಚಿಡುತ್ತಾರೆ. ಪ್ರೆಪ್ ಶುರುಮಾಡಿದವರು ಯಾಕೆ ನಡುವೆ ಕೈಬಿಡುತ್ತಾರೆ ಎಂಬುದಕ್ಕೆ ನಾನು ಕೇಳಿದ ಕಾರಣಗಳೆಲ್ಲ ಹೆಚ್ಚುಕಡಿಮೆ ಈ ಮೂರು ವ್ಯತ್ಯಾಸಗಳ ಒಳಗೇ ಬರುತ್ತವೆ.

ಮೊದಲು ಮಾತ್ರೆಯ ವಿಷಯ. ಹೆಚ್ಚು ಬಳಕೆಯಲ್ಲಿರುವ ಪ್ರೆಪ್ ಮಾತ್ರೆಯಲ್ಲಿ ಎರಡು ಔಷಧಗಳಿವೆ: 300 ಮಿಲಿಗ್ರಾಂ ಟೆನೊಫೊವಿರ್, 200 ಮಿಲಿಗ್ರಾಂ ಎಮ್‌ಟ್ರಿಸಿಟಬಿನ್. ಎಚ್‌ಐವಿ ವೈರಾಣು ನಮ್ಮ ಜೀವಕೋಶದೊಳಗೆ ನುಗ್ಗಿದ ಮೇಲೆ ತನ್ನ ವಂಶವಾಹಿಯ ಎಳೆಯನ್ನು ನಮ್ಮ ಡಿಎನ್‌ಎಯ ಭಾಷೆಗೆ ನಕಲು ಮಾಡಿಕೊಳ್ಳಬೇಕು. ಆಗಲೇ ಅದು ಅಲ್ಲಿ ಕಾಯಂ ನೆಲೆ ಊರುವುದು. ಈ ನಕಲು ಮಣಿ ಪೋಣಿಸಿದಂತೆ ಒಂದೊಂದಾಗಿ ಸಾಗುತ್ತದೆ. ಪ್ರೆಪ್ ಔಷಧಗಳು ನೋಡಲು ಮಣಿಯಂತೆಯೇ ಇರುವ ಹುಸಿ ಮಣಿಗಳು. ಮುಂದಿನ ಮಣಿ ಸೇರಿಸಲು ಅವುಗಳಲ್ಲಿ ತೂತೇ ಇಲ್ಲ. ಸರ ಅರ್ಧಕ್ಕೇ ನಿಲ್ಲುತ್ತದೆ, ವೈರಾಣು ನೆಲೆಯಿಲ್ಲದೆ ಸಾಯುತ್ತದೆ. ಇದೆಲ್ಲ ನಡೆಯಬೇಕಾದರೆ ವೈರಾಣು ಬರುವ ಹೊತ್ತಿಗೆ ಹುಸಿ ಮಣಿಗಳು ಜೀವಕೋಶದಲ್ಲಿ ಸಾಕಷ್ಟು ತುಂಬಿರಬೇಕು. ಲಸಿಕೆಯ ಹಾಗೆ ದೇಹಕ್ಕೆ ಪಾಠ ಕಲಿಸಿ ಹೋಗುವ ಔಷಧ ಇದಲ್ಲ, ಇದ್ದಷ್ಟು ದಿನ ಮಾತ್ರ ಕಾಯುತ್ತದೆ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಮೊದಲ ದೊಡ್ಡ ಅಧ್ಯಯನದಲ್ಲೇ ಕಂಡಿತು. ಐಪ್ರೆಕ್ಸ್ ಎಂಬ ಆ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಆರು ದೇಶಗಳ 2,499 ಮಂದಿ, ಗಂಡಸರ ಜೊತೆ ಸಂಬಂಧವಿದ್ದ ಗಂಡಸರು ಮತ್ತು ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು, ಅದರಲ್ಲಿದ್ದರು. ಔಷಧದ ಮಾತ್ರೆ ಕೊಟ್ಟ ಗುಂಪಿನಲ್ಲಿ ಒಟ್ಟಾರೆಯಾಗಿ ಸೋಂಕು ಶೇ. 44ರಷ್ಟು ಕಡಿಮೆಯಾಗಿತ್ತು. ಅದೇ ಗುಂಪಿನಲ್ಲಿ ಯಾರ ರಕ್ತದಲ್ಲಿ ಔಷಧ ನಿಜವಾಗಿ ಸಿಕ್ಕಿತೋ ಅವರಿಗೆ ಸೋಂಕಿನ ಅಪಾಯ ಸುಮಾರು ಶೇ. 92ರಷ್ಟು ಇಳಿದಿತ್ತು. ಮಾತ್ರೆ ಒಂದೇ, ಬಾಟಲಿಯಲ್ಲಿ ಉಳಿದದ್ದಕ್ಕೂ ಹೊಟ್ಟೆಗೆ ಹೋದದ್ದಕ್ಕೂ ಇರುವ ಅಂತರ ಅದು.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ದಕ್ಷಿಣ ಆಫ್ರಿಕಾ, ಉಗಾಂಡ, ಜಿಂಬಾಬ್ವೆಯ ಮಹಿಳೆಯರ ನಡುವೆ ನಡೆದ ವಾಯ್ಸ್ ಎಂಬ ಅಧ್ಯಯನ. ಅಲ್ಲಿ ಮಾತ್ರೆಯಿಂದ ಪ್ರಯೋಜನವೇ ಕಾಣಲಿಲ್ಲ. ಕೇಳಿದಾಗ ಬಹುತೇಕರು "ತಪ್ಪದೆ ನುಂಗುತ್ತಿದ್ದೇವೆ" ಎಂದಿದ್ದರು. ರಕ್ತ ಪರೀಕ್ಷಿಸಿದರೆ ಔಷಧ ಸಿಕ್ಕಿದ್ದು ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ ಮಾದರಿಗಳಲ್ಲಿ. ಆಮೇಲೆ ಅದೇ ಮಹಿಳೆಯರನ್ನು ಕೂರಿಸಿ ಮಾತಾಡಿಸಿದಾಗ ಕಾರಣಗಳು ಹೊರಬಂದವು. ಇದು ಎಚ್‌ಐವಿ ಇರುವವರ ಮಾತ್ರೆ, ನೋಡಿದವರು ತನಗೂ ಇದೆ ಎಂದುಕೊಳ್ಳುತ್ತಾರೆ ಎಂಬ ಭಯ ಅವುಗಳಲ್ಲಿ ಮುಖ್ಯವಾದದ್ದು. ಅವರನ್ನು ಸುಳ್ಳುಗಾರರು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನಿಜ ಹೇಳಿದರೆ ಬೈಗುಳ ಕಾದಿದೆ ಎಂದು ಗೊತ್ತಿರುವ ಯಾರೇ ಆದರೂ ಹಾಗೇ ಉತ್ತರಿಸುತ್ತಾರೆ.

2022ರಲ್ಲಿ ಪ್ರಕಟವಾದ ಜಾಗತಿಕ ಪರಾಮರ್ಶೆಯೊಂದರಲ್ಲಿ ಪ್ರೆಪ್ ಶುರುಮಾಡಿದವರಲ್ಲಿ ಸುಮಾರು ಶೇ. 41 ಮಂದಿ ಆರು ತಿಂಗಳೊಳಗೆ ನಿಲ್ಲಿಸಿದ್ದರು. ಹಾಗೆ ನಿಲ್ಲಿಸಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ವರ್ಷದೊಳಗೆ ಮತ್ತೆ ಶುರುಮಾಡಿದ್ದರು ಎಂಬುದೂ ಅದೇ ಪರಾಮರ್ಶೆಯಲ್ಲಿದೆ. ಮೊದಲ ಅಂಕಿ ಎಲ್ಲರ ಬಾಯಲ್ಲೂ ಇರುತ್ತದೆ. ನನಗೆ ಎರಡನೆಯದೇ ಮುಖ್ಯ, ಯಾಕೆಂದರೆ ಹೋದವರು ವಾಪಸು ಬರುತ್ತಾರೆ, ಬಂದಾಗ ನಮ್ಮ ಮುಖ ಹೇಗಿರುತ್ತದೆ ಎಂಬುದರ ಮೇಲೆ ಅವರು ಮೂರನೆಯ ಸಲ ಬರುವುದು ನಿಂತಿದೆ.

ಮೊದಲ ತಿಂಗಳು ಅತ್ಯಂತ ಸೂಕ್ಷ್ಮ. ಕೆಲವರಿಗೆ ವಾಕರಿಕೆ, ಹೊಟ್ಟೆಯುಬ್ಬರ, ತಲೆನೋವು ಬರುತ್ತದೆ. ಬಹುತೇಕರಿಗೆ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಈ ಒಂದು ಮಾತನ್ನು ಮೊದಲೇ ಹೇಳದಿದ್ದರೆ, ಎರಡನೆಯ ವಾರ ಬೆಳಗ್ಗೆ ಹೊಟ್ಟೆ ತೊಳಸಿದಾಗ ಆತ "ಇದು ನನ್ನ ಮೈಗೆ ಒಗ್ಗುವುದಿಲ್ಲ" ಎಂದು ತಾನೇ ತೀರ್ಮಾನಿಸಿಬಿಡುತ್ತಾನೆ. ಊಟದ ಜೊತೆಯೇ ನುಂಗಬೇಕೆಂಬ ಕಟ್ಟಳೆ ಇಲ್ಲ, ಆದರೂ ರಾತ್ರಿ ಊಟವಾದ ಮೇಲೆ ನುಂಗಿ ಮಲಗಿದರೆ ವಾಕರಿಕೆ ಅಷ್ಟಾಗಿ ತಿಳಿಯುವುದಿಲ್ಲ. ಎರಡನೆಯ ವಾರದಲ್ಲಿ ಒಂದು ಫೋನ್ ಮಾಡಿ "ಹೊಟ್ಟೆ ಹೇಗಿದೆ?" ಎಂದು ಕೇಳಿದರೆ, ಮುಂದಿನ ಭೇಟಿಗೆ ಬರುವವರೇ ಹೆಚ್ಚು.

ಈಗ ಬಾಟಲಿಯ ಕತೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಪ್ರವಾಸಿಗರನ್ನು ಮಾಂದಲಪಟ್ಟಿಗೆ ಕರೆದೊಯ್ಯುವ ಜೀಪ್ ಚಾಲಕರೊಬ್ಬರು ನನ್ನ ಬಳಿ ಬರುತ್ತಿದ್ದರು. ಗಂಡಸರೊಂದಿಗೆ ಸಂಬಂಧವಿದ್ದವರು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂರನೆಯ ವಾರಕ್ಕೇ ಮಾತ್ರೆ ನಿಲ್ಲಿಸಿದ್ದರು. ಅಡ್ಡ ಪರಿಣಾಮವೇ ಎಂದು ಕೇಳಿದೆ, ಅಲ್ಲ. ಮರೆತುಹೋಯಿತೇ, ಅಲ್ಲ. ಸುಮಾರು ಹೊತ್ತು ಸುಮ್ಮನಿದ್ದು, ಜೇಬಿನಿಂದ ಬಾಟಲಿ ತೆಗೆದು ನನ್ನ ಕಿವಿಯ ಬಳಿ ಅಲ್ಲಾಡಿಸಿದರು.

"ಕೇಳಿಸ್ತಾ ಅಕ್ಕಾ? ಆ ಕಲ್ಲು ರಸ್ತೆಯಲ್ಲಿ ಇದು ಡ್ಯಾಶ್‌ಬೋರ್ಡಲ್ಲಿ ಗಲಗಲ ಅಂತ ಇರುತ್ತೆ. ಪಕ್ಕದಲ್ಲಿ ಕೂತೋರು ಏನಣ್ಣಾ ಅದು ಅಂತಾರೆ."

ಮೂವತ್ತು ಮಾತ್ರೆಗಳ ಪ್ಲಾಸ್ಟಿಕ್ ಬಾಟಲಿ, ತೆಗೆದರೆ ಅಲ್ಲಾಡುವಷ್ಟು ಜಾಗ. ಮನೆಯಲ್ಲಿಟ್ಟರೆ ತಂಗಿ ಕಪಾಟು ಒರೆಸುತ್ತಾಳೆ, ಜೀಪಿನಲ್ಲಿಟ್ಟರೆ ಸದ್ದು. ಬೇರೆ ಡಬ್ಬಿಗೆ ಸುರಿದುಕೊಳ್ಳಿ ಎಂದು ಥಟ್ಟನೆ ಹೇಳಬಹುದಿತ್ತು, ಆದರೆ ಕೊಡಗಿನ ಮಳೆಗಾಲದಲ್ಲಿ ಅದೂ ಸರಿಯಲ್ಲ. ಈ ಮಾತ್ರೆಗೆ ತೇವ ಆಗದು, ಅದಕ್ಕೇ ಬಾಟಲಿಯೊಳಗೆ ತೇವ ಹೀರುವ ಪುಟ್ಟ ಪೊಟ್ಟಣ ಇಟ್ಟಿರುತ್ತಾರೆ. ಜುಲೈಯಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಗೋಡೆಯ ಫೋಟೊಗೂ ಬೂಷ್ಟು ಹಿಡಿಯುವ ಊರು ನಮ್ಮದು. ಕೊನೆಗೆ ಇಬ್ಬರೂ ಕೂತು ಒಂದು ದಾರಿ ಹುಡುಕಿದೆವು. ಮೂಲ ಬಾಟಲಿಯ ಚೀಟಿಯನ್ನು ನೀರಲ್ಲಿ ನೆನೆಸಿ ಕಿತ್ತು, ಪೊಟ್ಟಣ ತೆಗೆಯದೆ, ಮುಚ್ಚಳ ಬಿಗಿಯಾಗಿಟ್ಟು ಒಂದೇ ಕಡೆ ಇಡುವುದು. ಜೊತೆಗೆ ಒಯ್ಯಲು ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿ ನಾಲ್ಕೇ ನಾಲ್ಕು ಮಾತ್ರೆ, ನಡುವೆ ಮಡಚಿದ ಕಾಗದ. ಸದ್ದು ನಿಂತಿತು. ಮಾರ್ಗಸೂಚಿಗಳಲ್ಲಿ "ಔಷಧ ಅನುಸರಣೆಗೆ ಇರುವ ಅಡೆತಡೆಗಳನ್ನು ಗುರುತಿಸಿ" ಎಂದು ಬರೆದಿರುತ್ತದೆ. ಅವರ ಅಡೆತಡೆ ಆ ಗಲಗಲ ಸದ್ದು.

ಗುಟ್ಟು ಎಂಬುದು ನಮ್ಮ ಜಿಲ್ಲೆಯಲ್ಲಿ ಬೆಂಗಳೂರಿನ ಗುಟ್ಟಿನಂತಲ್ಲ. ಇಲ್ಲಿ ಹೊಸಬರನ್ನು ಕಂಡರೆ ಕೇಳುವ ಮೊದಲ ಪ್ರಶ್ನೆ "ಯಾರ ಮನೆಯವರು?" ಮನೆಹೆಸರು ಹೇಳಿದರೆ ಮೂರು ತಲೆಮಾರು ಗೊತ್ತಾಗುತ್ತದೆ. ಔಷಧಿ ಅಂಗಡಿಯವರು ಚಿಕ್ಕಪ್ಪನ ಸಹಪಾಠಿ, ಪ್ರಯೋಗಾಲಯದ ಹುಡುಗಿ ಅತ್ತಿಗೆಯ ನೆಂಟಳು. ಆಸ್ಪತ್ರೆಯ ಯಾವ ಕೊಠಡಿಯ ಮುಂದೆ ಕೂತಿದ್ದೀರಿ ಎಂಬುದೇ ಸಂಜೆಯೊಳಗೆ ಸುದ್ದಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಎಚ್‌ಐವಿ ಮಾಹಿತಿಯನ್ನು ಬಯಲು ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ಕಾಯ್ದೆ ಬೇಕೇ ಬೇಕು. ಆದರೆ ಬೆಂಚಿನ ಮೇಲೆ ಕೂತವರನ್ನು ಕಣ್ಣುಗಳಿಂದ ಕಾಪಾಡಲು ಕಾಯ್ದೆಗೆ ಆಗುವುದಿಲ್ಲ. ಎಚ್‌ಐವಿ ಎಂದು ಫಲಕ ಹಾಕಿದ ಕೊಠಡಿಯ ಬದಲು ಸಾಮಾನ್ಯ ಹೊರರೋಗಿ ವಿಭಾಗದಲ್ಲೇ ಪ್ರೆಪ್ ಭೇಟಿ ಮುಗಿಸುವುದು, ಸಂತೆಯ ದಿನ ಸಮಯ ಕೊಡುವುದು, ಇವು ದುಡ್ಡು ಖರ್ಚಿಲ್ಲದ ಉಪಾಯಗಳು. ಸಂತೆಗೆ ಬಂದವರನ್ನು ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ.

ಫೋನ್ ಸಂದೇಶಕ್ಕೂ ಇದೇ ಎಚ್ಚರ ಬೇಕು. ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಒಂದು ಫೋನು ಮೂವರ ಕೈಯಲ್ಲಿರುತ್ತದೆ. ಮಾತ್ರೆ, ಪರೀಕ್ಷೆ, ಆಸ್ಪತ್ರೆ ಎಂಬ ಪದಗಳಿಲ್ಲದ ಸಂದೇಶವನ್ನು ಅವರವರೇ ಆರಿಸಿಕೊಳ್ಳಲಿ. ಒಬ್ಬರು "ಹೂ ಮಳೆ ಬಂತಾ?" ಎಂದು ಕಳಿಸಲು ಹೇಳಿದ್ದರು. ಕಾಫಿ ಬೆಳೆಯುವವರ ನಡುವೆ ಅದಕ್ಕಿಂತ ಸಹಜವಾದ ಪ್ರಶ್ನೆ ಇನ್ನೊಂದಿಲ್ಲ.

ಭೇಟಿಯ ದಿನ ಏನು ನಡೆಯುತ್ತದೆ ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಶುರುವಿಗೆ ಮೊದಲು ಎಚ್‌ಐವಿ ಪರೀಕ್ಷೆ ಕಡ್ಡಾಯ. ಸೋಂಕು ಆಗಲೇ ಇದ್ದರೆ ಈ ಎರಡೇ ಔಷಧಗಳು ಅದನ್ನು ಹಿಡಿದಿಡಲಾರವು, ವೈರಾಣು ಔಷಧಕ್ಕೆ ಜಗ್ಗದಂತೆ ರೂಪಾಂತರಗೊಳ್ಳಬಹುದು. ಒಂದು ತಿಂಗಳ ಮೇಲೆ ಮತ್ತೊಮ್ಮೆ, ನಂತರ ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಮೂತ್ರಪಿಂಡ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್ ನೋಡುತ್ತಾರೆ. 30 ವರ್ಷದೊಳಗಿನ, ಬೇರೆ ಕಾಯಿಲೆ ಇಲ್ಲದವರಿಗೆ ಇದು ಐಚ್ಛಿಕ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡಿಸಬೇಕು, ಯಾಕೆಂದು ಮುಂದೆ ಹೇಳುತ್ತೇನೆ. ಪ್ರೆಪ್ ತಡೆಯುವುದು ಎಚ್‌ಐವಿಯನ್ನು ಮಾತ್ರ. ಸಿಫಿಲಿಸ್, ಗೊನೊರಿಯ, ಬೇಡದ ಬಸಿರು ಇವಕ್ಕೆ ಕಾಂಡೋಮ್ ಮತ್ತು ಬೇರೆ ಉಪಾಯಗಳೇ ಬೇಕು.

ಮಳೆಗಾಲಕ್ಕೆ ಮೊದಲು ಸೌದೆ ಒಟ್ಟಿ, ಅಕ್ಕಿ ತುಂಬಿಸಿ, ಒಣಮೀನು ಕೂಡಿಡುವ ಊರಿನಲ್ಲಿ ತಿಂಗಳಿಗೊಮ್ಮೆ ಬಂದು ಮಾತ್ರೆ ಒಯ್ಯಿರಿ ಎನ್ನುವುದು ನನಗೆ ಎಂದೂ ಸರಿ ಕಾಣಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಊರೂರುಗಳ ದಾರಿಯೇ ಕಡಿದುಹೋದದ್ದು ಯಾರಿಗೂ ಮರೆತಿಲ್ಲ. ಅಂಥ ವರ್ಷವಲ್ಲದಿದ್ದರೂ ಜುಲೈ ಬಂತೆಂದರೆ ಕರೆಂಟಿಲ್ಲ, ಫೋನ್ ಸಿಗ್ನಲ್ ಇಲ್ಲ, ಬಸ್ಸು ಬಂದರೆ ಬಂತು. ಮೊದಲ ತಿಂಗಳ ಪರೀಕ್ಷೆ ಸರಿಯಾಗಿ ಮುಗಿಸಿದವರಿಗೆ ಮೇ ಕೊನೆಯಲ್ಲಿ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟರೆ ಮಳೆ ದಾಟುತ್ತದೆ. ಕಾಫಿ ಕೊಯ್ಲಿನ ಲೆಕ್ಕ ಬೇರೆ. ಅರೇಬಿಕಾ ನವೆಂಬರಿನಿಂದ, ಅದರ ಹಿಂದೆಯೇ ರೊಬಸ್ಟಾ, ಮಾರ್ಚಿನವರೆಗೆ ಕೈತುಂಬ ಕೆಲಸ. ಒಂದು ದಿನ ಆಸ್ಪತ್ರೆಗೆಂದು ಹೋದರೆ ಒಂದು ದಿನದ ಕೂಲಿ ಹೋಯಿತು. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರು ಕೊಯ್ಲು ಮುಗಿದೊಡನೆ ಇನ್ನೊಂದು ಜಿಲ್ಲೆಗೋ ತಮ್ಮೂರಿಗೋ ಹೊರಟುಬಿಡುತ್ತಾರೆ. ಕಡತದಲ್ಲಿ ಅವರ ಹೆಸರಿನ ಮುಂದೆ "ಸಂಪರ್ಕ ತಪ್ಪಿದೆ" ಎಂದು ಬರೆಯುತ್ತೇವೆ. ಹೋಗುವ ಊರು ಗೊತ್ತಿದ್ದರೆ ಒಂದು ಚೀಟಿಯಲ್ಲಿ ಪರೀಕ್ಷೆಯ ದಿನಾಂಕ, ಮಾತ್ರೆಯ ಹೆಸರು ಬರೆದುಕೊಟ್ಟು, ದೇಶದ ಎಲ್ಲಿಂದಲಾದರೂ ಉಚಿತವಾಗಿ ಕರೆ ಮಾಡಬಹುದಾದ 1097 ಸಹಾಯವಾಣಿಯ ಸಂಖ್ಯೆ ಹೇಳಿ ಕಳಿಸಬಹುದು. ಸಂಪರ್ಕ ತಪ್ಪುವ ಮೊದಲೇ ಮಾಡಬೇಕಾದ ಕೆಲಸ ಇದು.

ಇನ್ನು ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವ ವಿಷಯಕ್ಕೆ ಬರುತ್ತೇನೆ: ನಿಲ್ಲಿಸುವುದು. ಎಚ್‌ಐವಿ ಇರುವವರು ವೈರಾಣುವನ್ನು ಅದುಮಿಡುವ ಎಆರ್‌ಟಿ ಮಾತ್ರೆಯನ್ನು ಜೀವನಪೂರ್ತಿ ಬಿಡುವಂತಿಲ್ಲ. ಅದೇ ಕಟ್ಟುನಿಟ್ಟನ್ನು ನಾವು ಪ್ರೆಪ್ ತೆಗೆದುಕೊಳ್ಳುವವರ ಮೇಲೂ ಹೇರುತ್ತೇವೆ, ಬಿಟ್ಟವರನ್ನು ಸೋತವರಂತೆ ನೋಡುತ್ತೇವೆ. ಅಪಾಯ ವರ್ಷಪೂರ್ತಿ ಒಂದೇ ಸಮ ಇರುವುದಿಲ್ಲ. ಸಂಬಂಧ ಮುಗಿಯುತ್ತದೆ, ಸಂಗಾತಿ ದೂರದೂರಿಗೆ ಹೋಗುತ್ತಾರೆ, ಒಬ್ಬರಿಗೊಬ್ಬರು ನಿಷ್ಠರಾಗಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಆಗ ಮಾತ್ರೆ ಬೇಡ. ಮತ್ತೆ ಬೇಕಾದಾಗ ಮತ್ತೆ ಶುರು. ಮಳೆ ಇರುವಾಗ ಕೊಡೆ ಬಿಚ್ಚಿದ್ದರೆ ಸಾಕು.

ಆದರೆ ಬಿಡುವುದಕ್ಕೂ ಒಂದು ಕ್ರಮವಿದೆ. ಕೊನೆಯ ಅಪಾಯದ ಸಂಪರ್ಕವಾದ ಮೇಲೆ ಮಹಿಳೆಯರು ಕನಿಷ್ಠ ಇನ್ನೂ ಏಳು ದಿನ ಮಾತ್ರೆ ಮುಂದುವರಿಸಬೇಕು. ಶುರುಮಾಡುವಾಗಲೂ ಅವರಿಗೆ ರಕ್ಷಣೆ ತುಂಬಲು ಕನಿಷ್ಠ ಏಳು ದಿನ ಬೇಕು, 21 ದಿನ ಕಾಯಿರಿ ಎನ್ನುವ ವೈದ್ಯರೂ ಇದ್ದಾರೆ. ಗಂಡಸರಿಗೆ ಇನ್ನೊಂದು ದಾರಿಯೂ ಉಂಟು. ಸಂಪರ್ಕಕ್ಕೆ 2ರಿಂದ 24 ಗಂಟೆ ಮೊದಲು ಎರಡು ಮಾತ್ರೆ, ಆ ಮೊದಲ ಡೋಸಿನಿಂದ 24 ಗಂಟೆಗೆ ಒಂದು, 48 ಗಂಟೆಗೆ ಇನ್ನೊಂದು. ಮಹಿಳೆಯರಿಗೆ ಈ ಕ್ರಮ ಹೇಳಿದ್ದಲ್ಲ. ಹೆಪಟೈಟಿಸ್ ಬಿ ಇರುವವರು ಮಾತ್ರ ಮಾತ್ರೆಯನ್ನು ಹೀಗೆ ತೆಗೆದು ಬಿಟ್ಟು ಮಾಡಬಾರದು. ಈ ಔಷಧಗಳು ಆ ವೈರಾಣುವನ್ನೂ ಅದುಮಿಡುತ್ತವೆ, ಒಮ್ಮೆಲೆ ನಿಲ್ಲಿಸಿದರೆ ಅದು ತಲೆಯೆತ್ತಿ ಪಿತ್ತಜನಕಾಂಗ ಉರಿಯೂತಕ್ಕೆ ಒಳಗಾಗಬಹುದು. ವೈದ್ಯರಿಗೆ ಹೇಳಿಯೇ ನಿಲ್ಲಿಸಬೇಕು. ಮಾತ್ರೆ ಬಿಟ್ಟಿದ್ದ ಹೊತ್ತಿನಲ್ಲೇ ಅಪಾಯದ ಸಂಪರ್ಕವಾಗಿ 72 ಗಂಟೆ ದಾಟಿಲ್ಲವೆಂದರೆ ಬೇಕಾದದ್ದು ಪ್ರೆಪ್ ಅಲ್ಲ, ಪೆಪ್ ಎಂಬ 28 ದಿನಗಳ ತುರ್ತು ಚಿಕಿತ್ಸೆ. ಅದು ಮುಗಿದ ಮೇಲೆ ಪರೀಕ್ಷೆ ಮಾಡಿ ಪ್ರೆಪ್‌ಗೆ ದಾಟಬಹುದು.

ಜೀಪಿನವರ ಲೆಕ್ಕಾಚಾರ ಕೊನೆಗೆ ಹಾಗೆಯೇ ಬದಲಾಯಿತು. ಅವರ ಗೆಳೆಯ ಮೈಸೂರಿನಲ್ಲಿ, ಭೇಟಿ ಒಂದೂವರೆ ತಿಂಗಳಿಗೊಮ್ಮೆ. ಹೆಪಟೈಟಿಸ್ ಬಿ ಇಲ್ಲವೆಂದು ಖಾತ್ರಿಯಾದ ಮೇಲೆ ವೈದ್ಯರು ಬೇಕಾದಾಗ ತೆಗೆದುಕೊಳ್ಳುವ ಕ್ರಮಕ್ಕೆ ಒಪ್ಪಿದರು. ಇದಕ್ಕೂ ಮೊದಲು ಅವರು ಬೇರೊಂದು ಕಡೆ ಹೋಗಿದ್ದರಂತೆ. "ನಡುವೆ ಎರಡು ತಿಂಗಳು ಎಲ್ಲಿ ಹೋಗಿದ್ದೆ? ಆಟ ಅಂದುಕೊಂಡಿದ್ದೀಯಾ?" ಎಂದು ಅಲ್ಲಿ ಎಲ್ಲರ ಮುಂದೆ ಕೇಳಿದ್ದರು. ಅವರು ಮರುಮಾತಿಲ್ಲದೆ ಎದ್ದು ಬಂದಿದ್ದರು. ಆಮೇಲೆ ನಾಲ್ಕು ತಿಂಗಳು ಯಾವ ರಕ್ಷಣೆಯೂ ಇಲ್ಲದೆ ಕಳೆದಿದ್ದರು. ಆ ಒಂದು ವಾಕ್ಯಕ್ಕೆ ಅವರು ತೆರಬಹುದಾಗಿದ್ದ ಬೆಲೆ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಜನ ಉಳಿಯುವುದು ಎಲ್ಲಿ ಎಂದು ನೋಡಲು ದೂರ ಹೋಗಬೇಕಾಗಿಲ್ಲ. ಮಡಿಕೇರಿಯಿಂದ ಮೂರು ಗಂಟೆಯ ಹಾದಿ ಮೈಸೂರು. ಅಲ್ಲಿ ಲೈಂಗಿಕ ಕಾರ್ಯಕರ್ತರೇ ಕಟ್ಟಿ ನಡೆಸುವ ಆಶೋದಯ ಸಮಿತಿ ಮತ್ತು ಕೋಲ್ಕತ್ತದ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ, ಭಾರತದಲ್ಲಿ ಮಹಿಳೆಯರಿಗೆ ಪ್ರೆಪ್ ಕೊಟ್ಟು ನೋಡಿದ ಮೊದಲ ಪ್ರಾತ್ಯಕ್ಷಿಕೆಗಳನ್ನು ಕಳೆದ ದಶಕದಲ್ಲಿ ನಡೆಸಿದವು. ಮಾತ್ರೆ ಹಂಚುವ ಮೊದಲು ತಿಂಗಳುಗಟ್ಟಲೆ ಸಮುದಾಯದ ಒಳಗೇ ಮಾತುಕತೆ ನಡೆಯಿತು. ಇದು ಯಾರಿಗೆ, ಮನೆಯಲ್ಲಿ ಏನು ಹೇಳುವುದು, ಗಿರಾಕಿ ಕಾಂಡೋಮ್ ಬೇಡವೆಂದರೆ ಏನು ಮಾಡುವುದು, ಎಲ್ಲವೂ ಅಲ್ಲೇ ಚರ್ಚೆಯಾಯಿತು. ಮನೆಬಾಗಿಲಿಗೆ ಹೋಗಿ ವಿಚಾರಿಸಿದವರೂ ಅವರದೇ ಸಂಗಾತಿಗಳು. ಹೆಚ್ಚಿನವರು ಕೊನೆಯವರೆಗೆ ಉಳಿದರು. ವಾಯ್ಸ್ ಅಧ್ಯಯನದಲ್ಲಿದ್ದ ಮಾತ್ರೆಗೂ ಇದಕ್ಕೂ ರಾಸಾಯನಿಕವಾಗಿ ಹೇಳಿಕೊಳ್ಳುವ ವ್ಯತ್ಯಾಸವೇನೂ ಇಲ್ಲ.

ಚುಚ್ಚುಮದ್ದು ಬಂದರೆ ಈ ತಾಪತ್ರಯವೆಲ್ಲ ಮುಗಿಯುವುದಿಲ್ಲವೇ ಎಂದು ಕೇಳುತ್ತಾರೆ. ಅರ್ಧ ಮುಗಿಯುತ್ತದೆ. ಎರಡು ತಿಂಗಳಿಗೊಮ್ಮೆ ಚುಚ್ಚುವ ಕ್ಯಾಬೊಟೆಗ್ರಾವಿರ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, ಆರು ತಿಂಗಳಿಗೊಮ್ಮೆಯ ಲೆನಕಾಪವಿರ್ ಅನ್ನು 2025ರ ಜುಲೈಯಲ್ಲಿ ಶಿಫಾರಸು ಮಾಡಿತು. ಆಫ್ರಿಕಾದ ಯುವತಿಯರ ನಡುವೆ ನಡೆದ ಅಧ್ಯಯನದಲ್ಲಿ ಲೆನಕಾಪವಿರ್ ಪಡೆದ 2,134 ಮಂದಿಯಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. ಅಗ್ಗದ ಜೆನೆರಿಕ್ ತಯಾರಿಸಲು ಪರವಾನಗಿ ಪಡೆದವರಲ್ಲಿ ಹೈದರಾಬಾದಿನ ಕಂಪನಿಗಳೂ ಇವೆ. ವರ್ಷಕ್ಕೆರಡೇ ಸಲವೆಂದರೆ ಬಾಟಲಿಯ ಸದ್ದಿಲ್ಲ, ಬೂಷ್ಟಿಲ್ಲ, ಹೆಚ್ಚುಕಡಿಮೆ ಮದ್ದು ಸೊಪ್ಪಿನ ಲೆಕ್ಕಕ್ಕೇ ಬಂತು. ಆದರೆ ಆ ಎರಡು ದಿನ ಬರಲೇಬೇಕು. ತಪ್ಪಿಸಿದರೆ ಔಷಧದ ಮಟ್ಟ ನಿಧಾನವಾಗಿ ಇಳಿಯುತ್ತಾ ತಿಂಗಳುಗಟ್ಟಲೆ ಅರೆಬರೆಯಾಗಿ ದೇಹದಲ್ಲಿ ಉಳಿಯುತ್ತದೆ. ಆಗ ಸೋಂಕು ತಗುಲಿದರೆ ವೈರಾಣು ಆ ಔಷಧಕ್ಕೆ ಜಗ್ಗದಂತಾಗುವ ಅಪಾಯವಿದೆ. ಬಾಗಿಲಲ್ಲಿ ಗದರಿಸಿಕೊಂಡು ಹೋದವರು ಚುಚ್ಚುಮದ್ದಿಗೂ ತಿರುಗಿ ಬರುವುದಿಲ್ಲ.

ಕೊನೆಯದಾಗಿ ಸಿದ್ದಾಪುರದ ಕಡೆಯ ತೋಟವೊಂದರ ಲೈನ್ ಮನೆಯ ಹೆಂಗಸಿನ ವಿಷಯ. ಗಂಡನಿಗೆ ಎಚ್‌ಐವಿ ಇರುವುದು ಆಗಷ್ಟೇ ಗೊತ್ತಾಗಿ ಎಆರ್‌ಟಿ ಶುರುವಾಗಿತ್ತು. ಆಕೆಗೆ ಇರಲಿಲ್ಲ. ಎಆರ್‌ಟಿ ತಪ್ಪದೆ ತೆಗೆದುಕೊಂಡರೆ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ, ಆ ಸ್ಥಿತಿ ಗಟ್ಟಿಯಾಗಿ ನಿಂತವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ದಾಟುವುದಿಲ್ಲ. ಅಲ್ಲಿಗೆ ತಲುಪಲು ಸುಮಾರು ಆರು ತಿಂಗಳು ಬೇಕು. ಆ ಆರು ತಿಂಗಳಿಗೆ ಆಕೆಗೆ ಪ್ರೆಪ್ ಕಾಲುಸಂಕ. ಇಬ್ಬರೂ ರಾತ್ರಿ ಗಂಜಿ ಕುಡಿದ ಮೇಲೆ ಎದುರುಬದುರು ಕೂತು ಒಟ್ಟಿಗೆ ಮಾತ್ರೆ ನುಂಗುತ್ತಿದ್ದರಂತೆ. ಆಕೆ ಒಂದು ದಿನವೂ ತಪ್ಪಿಸಲಿಲ್ಲ, ಗಂಡನಿಗೂ ತಪ್ಪಿಸಲು ಬಿಡಲಿಲ್ಲ.

ಗಂಡನ ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ಹೇಳುವ ವೈರಲ್ ಲೋಡ್ ವರದಿ ಬಂದಾಗ ವೈದ್ಯರು ನೋಡಿ, ಇನ್ನು ನಿಮಗೆ ಪ್ರೆಪ್ ಬೇಡ ಎಂದರು. ಆಕೆ ಸೆರಗಿನ ಗಂಟಿನಿಂದ ಉಳಿದ ಮಾತ್ರೆಗಳ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

"ಇನ್ನು ನಾನು ಬರೋದು ಬೇಡ್ವಾ ಮೇಡಮ್ಮ?"

ಆರು ತಿಂಗಳಿಗೊಮ್ಮೆ ಗಂಡನ ಜೊತೆಗೇ ಬಂದು ರಕ್ತ ಪರೀಕ್ಷೆ ಮಾಡಿಸಿ ಹೋಗಿ ಎಂದೆ. ಅವರು ಎಆರ್‌ಟಿ ಬಿಟ್ಟರೆ, ಅಥವಾ ನಿಮಗೇ ಏನಾದರೂ ಅನುಮಾನ ಬಂದರೆ, ಅದೇ ದಿನ ಬನ್ನಿ, ತಾರೀಖು ಕಾಯಬೇಡಿ ಎಂದೆ. ಮುಂದಿನ ಪರೀಕ್ಷೆಗೆ ಪುತ್ತರಿ ಸುಗ್ಗಿ ಹಬ್ಬ ಕಳೆದ ವಾರವನ್ನು ಆಕೆಯೇ ಆರಿಸಿಕೊಂಡರು, ತೋಟಕ್ಕೆ ಆಗ ಎರಡು ದಿನ ರಜೆ ಇರುತ್ತದೆಂದು.